ಸೆಕೆಂಡ್ ಸೀರೀಸ್‌ಗೆ ಇಷ್ಟು ಅವಸರ ಯಾಕೆ?

ಅಷ್ಟಾಂಗ ಯೋಗದಲ್ಲಿ ಪ್ರೈಮರಿ ದಾಟಿದವರಿಗೆ ಮುಂದಿನ ಹೆಜ್ಜೆ ಯಾವುದು, ಯಾವಾಗ? ಕೊಡಗಿನ ಚಳಿ, ಮಳೆ, ಕಾಫಿ ಕೊಯ್ಲು, ಲ್ಯಾಪ್‌ಟಾಪ್ ಕೆಲಸ ಎಲ್ಲದರ ನಡುವೆ ಮ್ಯಾಟ್ ಹಾಸುವವರಿಗೊಂದು ಕೈಪಿಡಿ

"ಪ್ರೈಮರಿ ಆಯ್ತು. ಸೆಕೆಂಡ್ ಯಾವಾಗ ಶುರು ಮಾಡ್ಬಹುದು?"

ಅಷ್ಟಾಂಗ ಮಾಡುವವರು ನಾಲ್ಕು ಜನ ಸೇರಿದ ಕಡೆ ಈ ಪ್ರಶ್ನೆ ಬಂದೇ ಬರುತ್ತದೆ. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ ಕಡೆಯ ಹುಡುಗ ಹುಡುಗಿಯರಲ್ಲಿ ಈಗ ಇದನ್ನು ಕೇಳುವವರು ಕಮ್ಮಿಯೇನಿಲ್ಲ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕೆಲಸಕ್ಕಿದ್ದಾಗ ಕ್ಲಾಸಿಗೆ ಸೇರಿದವರು, ವರ್ಕ್ ಫ್ರಂ ಹೋಮ್ ಸಿಕ್ಕಿದ ಮೇಲೆ ತೋಟದ ಮನೆಗೆ ಬಂದವರು, ಬೆಳಿಗ್ಗೆ ಆರಕ್ಕೆ ಕಾಫಿ ಕಣದ ಮೂಲೆಯಲ್ಲೋ ಜಗಲಿಯಲ್ಲೋ ಮ್ಯಾಟ್ ಹಾಸಿಕೊಳ್ಳುವವರು. ಫೋನ್ ತೆರೆದರೆ ಸಾಕು, ಯಾರೋ ಎರಡು ಕಾಲನ್ನೂ ಕತ್ತಿನ ಹಿಂದೆ ಹಾಕಿ ನಗುತ್ತಿರುತ್ತಾರೆ. ನಮಗೂ ಆಗಬೇಕು ಅನ್ನಿಸುವುದು ಸಹಜ.

ಆದರೆ ಈ ಎರಡನೇ ಹಂತ ಪ್ರೈಮರಿಯ ಮುಂದುವರಿದ ಭಾಗ ಅಲ್ಲ. ಅದು ದೇಹಕ್ಕೆ ಬೇರೆಯದೇ ಕೆಲಸ ಹೇಳುತ್ತದೆ. ತಯಾರಿ ಇಲ್ಲದೆ ಹೋದರೆ ಸೊಂಟ, ಮಂಡಿ, ಭುಜ ಮೂರರಲ್ಲಿ ಒಂದಾದರೂ ದಂಡ ತೆರುತ್ತದೆ. ತಯಾರಾಗಿ ಹೋದರೆ ದಿನವಿಡೀ ಕುರ್ಚಿಯಲ್ಲಿ ಬಾಗಿ ಕೂರುವ ಬೆನ್ನಿಗೆ ಬೇಕಾದ ಕೆಲಸ ಅಲ್ಲೇ ಸಿಗುತ್ತದೆ.

ಇದು ನಮ್ಮ ಮಗ್ಗುಲಲ್ಲೇ ಹುಟ್ಟಿದ ವಿದ್ಯೆ

ಕ್ಯಾಲಿಫೋರ್ನಿಯಾದಿಂದ ಜಪಾನಿನವರೆಗೆ ಹರಡಿರುವ ಈ ಪದ್ಧತಿಯ ಊರು ಮೈಸೂರು. ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್, ಬಸ್ಸಿನಲ್ಲಿ ಮೂರು ಗಂಟೆಯ ದಾರಿ.

ಇದರ ಬೇರು ಚಿತ್ರದುರ್ಗ ಸೀಮೆಯಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರಲ್ಲಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಅವರು 1930ರ ದಶಕದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆ ನಡೆಸಿದರು. ಕನ್ನಡದಲ್ಲಿ 'ಯೋಗ ಮಕರಂದ', 'ಯೋಗಾಸನಗಳು' ಎಂಬ ಪುಸ್ತಕಗಳನ್ನು ಬರೆದರು. 1941ರ 'ಯೋಗಾಸನಗಳು' ಪುಸ್ತಕದಲ್ಲಿಯೇ ಆಸನಗಳನ್ನು ಮೊದಲ, ಮಧ್ಯಮ, ಮೇಲಿನ ಹಂತ ಎಂದು ಗುಂಪು ಮಾಡಿದ ಪಟ್ಟಿ ಇದೆ. ಅಂದರೆ ಇವತ್ತು ನಾವು 'ಇಂಟರ್‌ಮೀಡಿಯೆಟ್' ಅನ್ನುವ ಮಾತಿನ ಹಿಂದೆ ಕನ್ನಡದ ಒಂದು ಪಟ್ಟಿ ಇದೆ.

ಅವರ ಶಿಷ್ಯ ಕೆ. ಪಟ್ಟಾಭಿ ಜೋಯಿಸರು ಹಾಸನ ಜಿಲ್ಲೆಯ ಕೌಶಿಕದವರು, ಕೊಡಗಿನವರಿಗೆ ಪಕ್ಕದ ಜಿಲ್ಲೆಯವರೇ. 1927ರಲ್ಲಿ, ಹನ್ನೆರಡರ ಹುಡುಗನಾಗಿದ್ದಾಗ, ಹಾಸನದಲ್ಲಿ ಕೃಷ್ಣಮಾಚಾರ್ಯರ ಪ್ರದರ್ಶನ ನೋಡಿ ಶಿಷ್ಯರಾದರು. 1937ರಿಂದ 1973ರವರೆಗೆ ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ಯೋಗ ಕಲಿಸಿದರು. 1948ರಲ್ಲಿ ಲಕ್ಷ್ಮೀಪುರಂನ ಮನೆಯಲ್ಲಿ ಅಷ್ಟಾಂಗ ಯೋಗ ಸಂಶೋಧನಾ ಸಂಸ್ಥೆ ಶುರು ಮಾಡಿದರು. ಅವರ 'ಯೋಗ ಮಾಲಾ' ಪುಸ್ತಕ ಕನ್ನಡದಲ್ಲಿ ಪ್ರಕಟವಾದದ್ದು 1962ರಲ್ಲಿ. ಅದು ಇಂಗ್ಲಿಷಿಗೆ ಹೋಗಲು 1999 ಬರಬೇಕಾಯಿತು!

1964ರಲ್ಲಿ ಬೆಲ್ಜಿಯಂನ ಆಂದ್ರೆ ವಾನ್ ಲಿಸ್‌ಬೆತ್ ಬಂದರು. 1970ರ ದಶಕದ ಮೊದಲಿಗೆ ಅಮೆರಿಕದವರು ಬರತೊಡಗಿದರು. 1975ರಲ್ಲಿ ಜೋಯಿಸರು ತಾವೇ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಕಲಿಸಿದರು. 2002ರಲ್ಲಿ ಶಾಲೆ ಗೋಕುಲಂಗೆ ಬಂತು. 2009ರಲ್ಲಿ ಅವರು ತೀರಿಕೊಂಡ ಮೇಲೆ ಮಗಳು ಸರಸ್ವತಿ, ಮೊಮ್ಮಗ ಶರತ್ ಕಲಿಸುವುದನ್ನು ಮುಂದುವರಿಸಿದರು. ಶರತ್ 2024ರ ನವೆಂಬರಿನಲ್ಲಿ ಅಮೆರಿಕದಲ್ಲಿ 53ನೇ ವಯಸ್ಸಿಗೇ ತೀರಿಕೊಂಡರು. ಅಂದಿನಿಂದ ಲೋಕದ ಅಷ್ಟಾಂಗಿಗಳೆಲ್ಲ ಕೇಳುತ್ತಿರುವುದು ಒಂದೇ ಮಾತು: ಇನ್ನು ಮುಂದಿನ ಆಸನ ಕೊಡುವವರು ಯಾರು? ಗುರು ದೂರವಾದಷ್ಟೂ ನಮ್ಮ ವಿವೇಕದ ಮೇಲೆ ಹೊರೆ ಜಾಸ್ತಿ.

ಎರಡು ಸೀರೀಸ್, ಎರಡು ಕೆಲಸ

ಪ್ರೈಮರಿಗೆ ಇರುವ ಹೆಸರು 'ಯೋಗ ಚಿಕಿತ್ಸೆ'. ಸೂರ್ಯ ನಮಸ್ಕಾರ, ನಿಂತು ಮಾಡುವ ಆಸನಗಳು ಮುಗಿದ ಮೇಲೆ ಪಶ್ಚಿಮೋತ್ತಾನಾಸನದಿಂದ ಸೇತುಬಂಧಾಸನದವರೆಗಿನ ಸಾಲು. ಇದರಲ್ಲಿ ಹೆಚ್ಚಿನವು ಮುಂದಕ್ಕೆ ಬಾಗುವ ಆಸನಗಳು. ತೊಡೆಯ ಹಿಂಭಾಗ ಸಡಿಲವಾಗುತ್ತದೆ, ಸೊಂಟದ ಕೀಲು ತೆರೆಯುತ್ತದೆ, ಹೊಟ್ಟೆಗೆ ಕೆಲಸ ಸಿಗುತ್ತದೆ.

ಎರಡನೆಯದು 'ನಾಡಿ ಶೋಧನ'. ಮೂಗಿನ ಹೊಳ್ಳೆ ಬದಲಾಯಿಸಿ ಮಾಡುವ ನಾಡಿ ಶೋಧನ ಪ್ರಾಣಾಯಾಮ ಬೇರೆ, ಇದು ಬೇರೆ. ಗೊಂದಲ ಬೇಡ. ಪರಂಪರೆಯ ಪ್ರಕಾರ ಇದು ನಾಡಿಗಳನ್ನು ಶುದ್ಧ ಮಾಡುವ ಸಾಲು. ಆಮೇಲಿನ ಕಠಿಣ ಸೀರೀಸ್‌ಗಳಿಗೆ 'ಸ್ಥಿರ ಭಾಗ' ಎಂದು ಹೆಸರು.

ಸೆಕೆಂಡ್ ಸೀರೀಸ್ ಹೀಗೆ ಸಾಗುತ್ತದೆ:

• ಮೊದಲಿಗೆ ಪಾಶಾಸನ, ಕ್ರೌಂಚಾಸನ.
• ನಂತರ ಹಿಂದಕ್ಕೆ ಬಾಗುವವು: ಶಲಭಾಸನ, ಭೇಕಾಸನ, ಧನುರಾಸನ, ಪಾರ್ಶ್ವ ಧನುರಾಸನ, ಉಷ್ಟ್ರಾಸನ, ಲಘು ವಜ್ರಾಸನ, ಕಪೋತಾಸನ, ಸುಪ್ತ ವಜ್ರಾಸನ.
• ಬಕಾಸನ, ಆಮೇಲೆ ಬೆನ್ನು ತಿರುಚುವ ಭಾರದ್ವಾಜಾಸನ, ಅರ್ಧ ಮತ್ಸ್ಯೇಂದ್ರಾಸನ.
• ಕಾಲು ತಲೆಯ ಹಿಂದೆ: ಏಕಪಾದ ಶೀರ್ಷಾಸನ, ದ್ವಿಪಾದ ಶೀರ್ಷಾಸನ, ಯೋಗನಿದ್ರಾಸನ. ಬೆನ್ನಿಗೇ ಟಿಟ್ಟಿಭಾಸನ.
• ತೋಳಿನ ಬಲದವು: ಪಿಂಛ ಮಯೂರಾಸನ, ಕಾರಂಡವಾಸನ, ಮಯೂರಾಸನ, ನಕ್ರಾಸನ.
• ವಾತಾಯನಾಸನ, ಪರಿಘಾಸನ, ಗೋಮುಖಾಸನ, ಸುಪ್ತ ಊರ್ಧ್ವಪಾದ ವಜ್ರಾಸನ.
• ಕೊನೆಗೆ ಸಾಲಾಗಿ ಏಳು ಬಗೆಯ ಶೀರ್ಷಾಸನ.

ಹೆಸರುಗಳನ್ನು ಗಮನಿಸಿ: ಮಿಡತೆ, ಕಪ್ಪೆ, ಒಂಟೆ, ಪಾರಿವಾಳ, ಕೊಕ್ಕರೆ, ನವಿಲು, ಬಾತುಕೋಳಿ, ಮೊಸಳೆ. ಒಂಟೆಯೊಂದನ್ನು ಬಿಟ್ಟರೆ ಹೆಚ್ಚುಕಡಿಮೆ ಎಲ್ಲವೂ ಗದ್ದೆ ಬಯಲು, ಹೊಳೆ ದಂಡೆಯ ಜೀವಿಗಳೇ!

ನೀವು ತಯಾರಾಗಿದ್ದೀರಾ?

ಪ್ರೈಮರಿಯ ಆಸನಗಳೆಲ್ಲ ಬಾಯಿಪಾಠ ಆಗಿದ್ದರೆ ಸಾಲದು. ಮೈಸೂರು ಶೈಲಿಯ ಶಿಕ್ಷಕರು ಸಾಮಾನ್ಯವಾಗಿ ನೋಡುವುದು ಇವನ್ನು:

1. ಮರೀಚ್ಯಾಸನ ಡಿ: ಎರಡೂ ಕಡೆ ಕೈ ಕೈಗೆ ಸಿಗಬೇಕು, ಮಂಡಿ ನೋಯಬಾರದು.

2. ಸುಪ್ತ ಕೂರ್ಮಾಸನ: ಕೈ ಬೆನ್ನ ಹಿಂದೆ ಕೂಡಬೇಕು, ಪಾದ ಪಾದದ ಮೇಲೆ ಬರಬೇಕು. ಮುಂದೆ ಕಾಲು ತಲೆಯ ಹಿಂದೆ ಹೋಗುವುದಕ್ಕೆ ಇದೇ ಪೀಠಿಕೆ.

3. ಡ್ರಾಪ್ ಬ್ಯಾಕ್: ನಿಂತಲ್ಲಿಂದ ಹಿಂದಕ್ಕೆ ಬಾಗಿ ಊರ್ಧ್ವ ಧನುರಾಸನಕ್ಕೆ ಇಳಿಯುವುದು, ಅಲ್ಲಿಂದ ಯಾರ ಸಹಾಯವೂ ಇಲ್ಲದೆ ಎದ್ದು ನಿಲ್ಲುವುದು. ಬಹಳ ಜನ ನಿಂತುಹೋಗುವುದು ಇಲ್ಲೇ.

4. ಜಿಗಿತ ಮತ್ತು ಚತುರಂಗ: ಪ್ರತಿ ವಿನ್ಯಾಸದಲ್ಲೂ ಭುಜ ಕುಸಿಯದೆ ಇಳಿಯಬೇಕು. ಮೊದಲ ವಿನ್ಯಾಸ ಚಂದವಾಗಿದ್ದು ಮೂವತ್ತನೆಯದು ಕುಸಿದರೆ ಬಲ ಇನ್ನೂ ಬಂದಿಲ್ಲ ಅಂತಲೇ ಲೆಕ್ಕ.

5. ಉಸಿರು: ಇಡೀ ಸಾಲಿನಲ್ಲಿ ಉಸಿರು ಒಂದೇ ಹದದಲ್ಲಿರಬೇಕು. ಕಷ್ಟದ ಆಸನದಲ್ಲಿ ಐದು ಉಸಿರು ಅವಸರದ ಎರಡಾಗಿ ಹೋದರೆ, ಅದು ಆಸನ ಆದ ಹಾಗಲ್ಲ.

6. ರೂಢಿ: ವಾರಕ್ಕೆ ಐದಾರು ದಿನ, ತಿಂಗಳುಗಟ್ಟಲೆ, ಬಿಡದೆ. ಭಾನುವಾರ ಮಾತ್ರ ಮೂರು ಗಂಟೆ ಮಾಡುವವರಿಗೆ ಇದು ಹೊಂದುವುದಿಲ್ಲ.

ಈ ಪಟ್ಟಿ ಕಲ್ಲಿನ ಮೇಲೆ ಕೆತ್ತಿದ್ದಲ್ಲ, ಬಿಡಿ. ಶಲಭಾಸನ, ಧನುರಾಸನ, ಉಷ್ಟ್ರಾಸನ ಇವನ್ನೆಲ್ಲ ಶಾಲೆಯ ಯೋಗ ಕ್ಲಾಸಿನಲ್ಲೇ ಮಕ್ಕಳು ಮಾಡುತ್ತಾರೆ. ಬರೀ ಮುಂದಕ್ಕೆ ಬಾಗಿ ಬಾಗಿ ಕೆಳಬೆನ್ನು ಹಿಡಿದುಕೊಂಡವರಿಗೆ, ನಲವತ್ತು ದಾಟಿದವರಿಗೆ ಕೆಲವು ಶಿಕ್ಷಕರು ಇವನ್ನು ಮೊದಲೇ ಕೊಡುವುದುಂಟು. ಕೆಲವರ ಎಲುಬಿನ ರಚನೆಗೆ ಮರೀಚ್ಯಾಸನ ಡಿ ಜೀವಮಾನದಲ್ಲೇ ಬರದೆ ಇರಬಹುದು. ಅವರು ಅಲ್ಲೇ ನಿಂತಿರಬೇಕೆ? ಬೇಕಿಲ್ಲ. ಆದರೆ ಈ ತೀರ್ಮಾನವನ್ನು ನಿಮ್ಮ ದೇಹ ನೋಡಿದ ಶಿಕ್ಷಕರು ಮಾಡಲಿ. ರೀಲ್ಸ್ ಮಾಡುವುದು ಬೇಡ.

ನಾಲ್ಕು ಹೆಬ್ಬಾಗಿಲು

ಇಪ್ಪತ್ತಕ್ಕಿಂತ ಹೆಚ್ಚು ಆಸನಗಳಿದ್ದರೂ ಎಲ್ಲರನ್ನೂ ತಡೆದು ನಿಲ್ಲಿಸುವುದು ಮುಖ್ಯವಾಗಿ ನಾಲ್ಕು.

ಪಾಶಾಸನ: ಕುಕ್ಕರುಗಾಲಲ್ಲಿ ಕೂತು, ಸೊಂಟ ತಿರುಗಿಸಿ, ಮಂಡಿಗಳ ಸುತ್ತ ತೋಳು ಬಳಸಿ ಬೆನ್ನ ಹಿಂದೆ ಕೈ ಹಿಡಿಯುವುದು. ಹಿಮ್ಮಡಿ ನೆಲಕ್ಕೆ ತಾಗಿರಬೇಕು. ಕಾಫಿ ಗಿಡದ ಬುಡದಲ್ಲಿ ಉದುರಿದ ಹಣ್ಣು ಹೆಕ್ಕುವ ಅಜ್ಜಿ ಇದರ ಅರ್ಧ ಭಾಗವನ್ನು ಗಂಟೆಗಟ್ಟಲೆ ಮಾಡುತ್ತಾರೆ. ಹಿಮ್ಮಡಿ ನೆಲದಲ್ಲಿ, ಬೆನ್ನು ಸಲೀಸು. ಅವರ ಮೊಮ್ಮಗನಿಗೆ ಕಮೋಡು, ಕುರ್ಚಿ, ಕಾರಿನ ಸೀಟು ಮೂರೂ ಸೇರಿ ಆ ಕುಕ್ಕರುಗಾಲನ್ನು ಕಿತ್ತುಕೊಂಡಿವೆ. ಮದ್ದು ಸರಳ: ದಿನಕ್ಕೆ ಐದು ನಿಮಿಷ ಕುಕ್ಕರುಗಾಲಲ್ಲಿ ಕೂತು ಪೇಪರ್ ಓದಿ. ಹಿಮ್ಮಡಿ ಏಳುತ್ತಿದ್ದರೆ ಕೆಳಗೆ ಮಡಿಸಿದ ಕಂಬಳಿ ಇಡಿ. ಕೆಲವು ವಾರಕ್ಕೊಮ್ಮೆ ಒಂದು ಮಡಿಕೆ ತೆಗೆಯುತ್ತಾ ಬನ್ನಿ.

ಕಪೋತಾಸನ: ಮಂಡಿಯೂರಿ ಹಿಂದಕ್ಕೆ ಬಾಗಿ, ತಲೆ ನೆಲಕ್ಕಿಟ್ಟು, ಕೈಯಿಂದ ಹಿಮ್ಮಡಿ ಹಿಡಿಯುವುದು. ಅನೇಕರಿಗೆ ಇಲ್ಲಿ ಉಸಿರೇ ಸಿಗುವುದಿಲ್ಲ. ಗಾಬರಿ, ವಾಕರಿಕೆ, ಕಾರಣವಿಲ್ಲದೆ ಅಳು ಬರುವುದನ್ನೂ ಅಭ್ಯಾಸಿಗಳು ಹೇಳಿಕೊಳ್ಳುತ್ತಾರೆ. ಎಂಟು ಗಂಟೆ ಕೂತೇ ಇರುವವರ ತೊಡೆಯ ಮುಂಭಾಗ, ಸೊಂಟದ ಮುಂದಿನ ಸ್ನಾಯುಗಳು ಬಿಗಿದಿರುತ್ತವೆ. ಭುಜ ಮುಂದಕ್ಕೆ ಜೋಲಿರುತ್ತದೆ. ಆ ಎರಡೂ ಕಡೆ ತೆರೆಯದಿದ್ದಾಗ ಬಾಗುವ ಕೆಲಸವೆಲ್ಲ ಕೆಳಬೆನ್ನಿನ ಒಂದೆರಡು ಕೀಲುಗಳ ತಲೆಗೆ ಬೀಳುತ್ತದೆ. ನೋವು ಅಲ್ಲೇ ಶುರು. ಆದ್ದರಿಂದ ಕಪೋತಾಸನವನ್ನು ಗೆಲ್ಲಲು ಹೊರಡುವ ಮೊದಲು ಭೇಕಾಸನ, ಉಷ್ಟ್ರಾಸನ, ಲಘು ವಜ್ರಾಸನಗಳಲ್ಲಿ ಕಾಲ ಕಳೆಯಿರಿ. ಲಘು ವಜ್ರಾಸನದಲ್ಲಿ ತಲೆ ನೆಲ ಮುಟ್ಟಿಸುವುದು ಸುಲಭ; ತೊಡೆಯ ಬಲದಿಂದಲೇ ಮೇಲೇಳುವುದು ಕಷ್ಟ. ಆ ಏಳುವ ಬಲವೇ ಕಪೋತಾಸನದ ಕೀಲಿಕೈ.

ಏಕಪಾದ, ದ್ವಿಪಾದ ಶೀರ್ಷಾಸನ: ಕಾಲು ತಲೆಯ ಹಿಂದೆ. ಇಲ್ಲಿ ತಿರುಗಬೇಕಾದದ್ದು ಸೊಂಟದ ಕೀಲು. ಅದು ತಿರುಗದಿದ್ದರೆ ಎಳೆತ ಮಂಡಿಗೆ ಬೀಳುತ್ತದೆ, ಇಲ್ಲವೇ ಬೆನ್ನು ಗೂನಾಗಿ ಕತ್ತಿನ ಮೇಲೆ ಕಾಲಿನ ಭಾರವೆಲ್ಲ ಕೂರುತ್ತದೆ. ಮಂಡಿಯ ಒಳಬದಿಯಲ್ಲಿ ಚುಚ್ಚಿದ ಹಾಗೆ ಆದರೆ ತಕ್ಷಣ ಬಿಡಿ. ಮೊದಲೇ ಡಿಸ್ಕ್ ತೊಂದರೆ, ಸಯಾಟಿಕಾ ಇದ್ದವರು ವೈದ್ಯರನ್ನು ಕೇಳದೆ ಇದಕ್ಕೆ ಕೈ ಹಾಕಲೇಬೇಡಿ.

ಕಾರಂಡವಾಸನ: ಮೊಣಕೈ ಊರಿ ತಲೆಕೆಳಗಾಗಿ ನಿಂತು, ಗಾಳಿಯಲ್ಲೇ ಪದ್ಮಾಸನ ಹಾಕಿ, ಅದನ್ನು ತೋಳಿನ ಮೇಲೆ ಇಳಿಸಿ, ಮತ್ತೆ ಮೇಲಕ್ಕೆ ಎತ್ತುವುದು! ಇಳಿಸುವುದು ಒಂದು ವರ್ಷದ ಕೆಲಸವಾದರೆ ಎತ್ತುವುದು ಇನ್ನೂ ಎಷ್ಟೋ ವರ್ಷದ್ದು ಅಂತ ಅಭ್ಯಾಸಿಗಳು ತಮಾಷೆ ಮಾಡುತ್ತಾರೆ. ಇದಕ್ಕೆ ಬೇಕಾದದ್ದು ಭುಜದ ಬಲ. ಆ ಬಲ ಬರುವುದು ಪ್ರೈಮರಿಯಲ್ಲಿ ನೂರು ಸಾರಿ ಸರಿಯಾಗಿ ಇಳಿಯುವ ಚತುರಂಗದಿಂದ.

ಸೇರಿಸುವುದು ಹೇಗೆ?

ಮೈಸೂರು ಶೈಲಿಯಲ್ಲಿ ಎಲ್ಲರೂ ಒಂದೇ ಕೋಣೆಯಲ್ಲಿರುತ್ತಾರೆ, ಆದರೆ ಪ್ರತಿಯೊಬ್ಬರೂ ತಮ್ಮದೇ ಲಯದಲ್ಲಿ ತಮ್ಮದೇ ಆಸನ ಮಾಡುತ್ತಿರುತ್ತಾರೆ. ಶಿಕ್ಷಕರು ಒಂದು ಸಲಕ್ಕೆ ಒಂದೇ ಹೊಸ ಆಸನ ಕೊಡುತ್ತಾರೆ. ಅದು ಕೂತ ಮೇಲೆ ಇನ್ನೊಂದು.

ಮೊದಲು ಪೂರ್ತಿ ಪ್ರೈಮರಿ, ಅದಾದ ಮೇಲೆ ಪಾಶಾಸನ, ಆಮೇಲೆ ಎಂದಿನ ಊರ್ಧ್ವ ಧನುರಾಸನ, ಕೊನೆಯ ಆಸನಗಳು, ವಿಶ್ರಾಂತಿ. ಕೆಲವು ವಾರವೋ ತಿಂಗಳೋ ಕಳೆದು ಕ್ರೌಂಚಾಸನ. ಹೀಗೆ ಬೆಳೆಯುತ್ತಾ ಹೋಗುತ್ತದೆ. ಒಂದೂವರೆ ಗಂಟೆಯ ಅಭ್ಯಾಸ ಕಪೋತಾಸನದ ಹೊತ್ತಿಗೆ ಎರಡು ಗಂಟೆ ದಾಟುತ್ತದೆ. ಒಂದು ಹಂತದಲ್ಲಿ ಶಿಕ್ಷಕರು 'ಸ್ಪ್ಲಿಟ್' ಮಾಡಿಸುತ್ತಾರೆ. ಅಂದರೆ ನಿಂತು ಮಾಡುವ ಆಸನಗಳಾದ ಕೂಡಲೇ ನೇರ ಪಾಶಾಸನಕ್ಕೆ ಹೋಗುವುದು, ಪ್ರೈಮರಿ ವಾರಕ್ಕೆ ಒಂದು ದಿನಕ್ಕೆ ಮಾತ್ರ. ಹಳೆಯ ರೂಢಿಯಲ್ಲಿ ಅದು ಶುಕ್ರವಾರ. ಎಲ್ಲಿ ಸ್ಪ್ಲಿಟ್ ಮಾಡಬೇಕು ಅನ್ನುವುದರಲ್ಲಿ ಶಿಕ್ಷಕರಿಂದ ಶಿಕ್ಷಕರಿಗೆ ವ್ಯತ್ಯಾಸ ಇದೆ. ಕೆಲವರು ಏಕಪಾದ ಶೀರ್ಷಾಸನದ ಹತ್ತಿರ, ಕೆಲವರು ಕಾರಂಡವಾಸನ ಬಂದ ಮೇಲೆ.

ಒಂಬತ್ತೂವರೆಗೆ ಲಾಗಿನ್ ಆಗಬೇಕಾದವರಿಗೆ ಎರಡೂವರೆ ಗಂಟೆಯ ಅಭ್ಯಾಸ ಅನ್ನುವುದು ಸಣ್ಣ ಮಾತಲ್ಲ. ಮನೆಯಲ್ಲಿ ಚಿಕ್ಕ ಮಗು, ವಯಸ್ಸಾದ ಅಪ್ಪ ಅಮ್ಮ, ಅಡುಗೆ ಕೆಲಸ ಇದ್ದರಂತೂ ಕೇಳಲೇಬೇಡಿ. ಆದ್ದರಿಂದ ಶಿಕ್ಷಕರನ್ನು ಬಾಯಿಬಿಟ್ಟು ಕೇಳಿ: "ನನ್ನ ಹತ್ತಿರ ಎಪ್ಪತ್ತೈದು ನಿಮಿಷ ಇದೆ, ಏನು ಮಾಡ್ಲಿ?" ಒಂದು ದಿನ ಅರ್ಧ ಪ್ರೈಮರಿ ಮತ್ತು ಹೊಸ ಆಸನಗಳು, ಇನ್ನೊಂದು ದಿನ ಪೂರ್ತಿ ಪ್ರೈಮರಿ. ಹೀಗೆ ಹೊಂದಿಸಿಕೊಡುವ ಶಿಕ್ಷಕರು ಇದ್ದಾರೆ. ನಿದ್ದೆ ಕಡಿದು ಆಸನ ಸೇರಿಸುವುದು ಮಾತ್ರ ನಷ್ಟದ ವ್ಯಾಪಾರ. ನಿದ್ದೆಗೆಟ್ಟ ಸ್ನಾಯು ಬೇಗ ಪೆಟ್ಟು ತಿನ್ನುತ್ತದೆ.

ಕೊಡಗಿನ ಹವೆ, ಕೊಡಗಿನ ಪಂಚಾಂಗ

ಅಷ್ಟಾಂಗದ ಪುಸ್ತಕಗಳು ಬೆವರಿನ ಬಗ್ಗೆ ಬರೆಯುತ್ತವೆ. ಮೈಸೂರಿನ ಕೋಣೆಯಲ್ಲಿ ಎಪ್ಪತ್ತು ಎಂಬತ್ತು ಜನರ ಉಸಿರಿಗೇ ಗೋಡೆ ಬೆವರುತ್ತಿತ್ತು. ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಜನವರಿಯ ಬೆಳಿಗ್ಗೆ ಒಬ್ಬರೇ ಮ್ಯಾಟ್ ಹಾಸಿದರೆ ಬೆವರು ಎಲ್ಲಿಂದ ಬರಬೇಕು? ಚಳಿಯಲ್ಲಿ ಗಟ್ಟಿಯಾದ ಬೆನ್ನಿನಿಂದ ಭೇಕಾಸನ, ಕಪೋತಾಸನ ಮಾಡಹೋಗುವುದು ಅಪಾಯ. ಚಳಿಗಾಲದಲ್ಲಿ ಸೂರ್ಯ ನಮಸ್ಕಾರದ ಎ, ಬಿ ಎರಡರಲ್ಲೂ ಎರಡು ಮೂರು ಸುತ್ತು ಜಾಸ್ತಿ ಮಾಡಿ. ಸ್ವೆಟರ್ ಬೇಗ ಬಿಚ್ಚಬೇಡಿ. ಬಿಸಿಲು ಬಂದ ಮೇಲೆ, ಎಂಟರ ಹೊತ್ತಿಗೆ ಮಾಡಲು ಸಾಧ್ಯವಿದ್ದರೆ ಇನ್ನೂ ಒಳ್ಳೆಯದು.

ಜೂನ್ ಬಂತೆಂದರೆ ಬೇರೆ ಕಥೆ. ಮ್ಯಾಟ್ ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ, ಅಂಗೈ ಜಾರುತ್ತದೆ. ಮ್ಯಾಟಿನ ಮೇಲೆ ಹತ್ತಿಯ ಜಮಖಾನ ಹಾಸಿಕೊಳ್ಳಿ. ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವ ದಿನಗಳಲ್ಲಿ ಆನ್‌ಲೈನ್ ಕ್ಲಾಸ್ ನಂಬಿ ಕೂತರೆ ಆಯಿತು! ಆಸನಗಳ ಕ್ರಮ, ವಿನ್ಯಾಸದ ಎಣಿಕೆ ಬಾಯಿಗೆ ಬಂದಿದ್ದರೆ ಮಳೆಗಾಲವೇ ಒಳ್ಳೆಯ ಗುರು. ಹೊರಗೆ ಹೋಗುವ ಹಾಗಿಲ್ಲ, ಯಾರೂ ಬರುವ ಹಾಗಿಲ್ಲ, ಹೆಂಚಿನ ಮೇಲೆ ಮಳೆಯ ಸದ್ದು ಮತ್ತು ನಿಮ್ಮ ಉಸಿರು.

ಇನ್ನು ಊಟ. ಪರಂಪರೆ ಹೇಳುವುದು ಸಾತ್ವಿಕ ಸಸ್ಯಾಹಾರ. ಕೊಡಗಿನ ಎಷ್ಟೋ ಮನೆಗಳಲ್ಲಿ ಕಡಂಬಿಟ್ಟು, ಪಂದಿ ಕರಿ ಇಲ್ಲದೆ ಹಬ್ಬವೇ ಇಲ್ಲ. ಈ ಚರ್ಚೆಯನ್ನು ನಿಮ್ಮ ನಿಮ್ಮ ಮನಸ್ಸಿಗೆ ಬಿಡೋಣ. ದೇಹದ ಲೆಕ್ಕ ಮಾತ್ರ ಸ್ಪಷ್ಟ: ರಾತ್ರಿ ಹತ್ತಕ್ಕೆ ಹೊಟ್ಟೆ ತುಂಬ ಉಂಡು ಬೆಳಿಗ್ಗೆ ಆರಕ್ಕೆ ಹಿಂದಕ್ಕೆ ಬಾಗಿದರೆ ಗಂಟಲಿಗೇ ಬರುತ್ತದೆ. ಸೆಕೆಂಡ್ ಸೀರೀಸ್ ಮಾಡುವವರಿಗೆ ರಾತ್ರಿಯೂಟ ಬೇಗ ಮತ್ತು ಹಗುರ. ಕೈಲ್‌ಪೊಳ್ದ್, ಪುತ್ತರಿ, ಮದುವೆ ಮನೆಯ ಮಾರನೇ ದಿನ ಅರ್ಧ ಪ್ರೈಮರಿ ಸಾಕು. ಅದಕ್ಕೆ ಬೇಸರ ಪಡಬೇಕಾಗಿಲ್ಲ. ಹುಣ್ಣಿಮೆ, ಅಮಾವಾಸ್ಯೆಗೆ ಹೇಗೂ ಅಷ್ಟಾಂಗದಲ್ಲಿ ರಜೆ.

ಡಿಸೆಂಬರಿನಿಂದ ಫೆಬ್ರವರಿಯವರೆಗೆ ಕಾಫಿ ಕೊಯ್ಲು. ದಿನವಿಡೀ ಇಳಿಜಾರು ತೋಟ ಹತ್ತಿ ಇಳಿಯುವವರ ಮೀನಖಂಡ, ತೊಡೆ ಸಂಜೆಗೆ ಕಲ್ಲಾಗಿರುತ್ತದೆ. ಆ ಮೂರು ತಿಂಗಳು ಹೊಸ ಆಸನ ಬೇಡ, ಇದ್ದದ್ದನ್ನು ಉಳಿಸಿಕೊಂಡರೆ ಸಾಕು. ಹಾಕಿ ಆಡುವವರಿಗೂ ಇದೇ ಮಾತು. ಕರಡದಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೊಡವ ಹಾಕಿ ಹಬ್ಬ ಬೇಸಿಗೆಯಲ್ಲಿ ಬಂತೆಂದರೆ ಕುಟುಂಬಕ್ಕೆ ಕುಟುಂಬವೇ ಮೈದಾನದಲ್ಲಿರುತ್ತದೆ. ಸೊಂಟ ಬಗ್ಗಿಸಿ ಓಡುವ ಆಟ ಅದು. ಸೊಂಟದ ಮುಂಭಾಗ ಬಿಗಿಯುತ್ತದೆ, ತೊಡೆಯ ಹಿಂಭಾಗ ಎಳೆಯುತ್ತದೆ. ಪಂದ್ಯ ಇರುವ ವಾರ ಪ್ರೈಮರಿಯನ್ನೇ ನಿಧಾನಕ್ಕೆ ಮಾಡಿ. ಕಪೋತಾಸನ ಎಲ್ಲಿಗೂ ಓಡಿಹೋಗುವುದಿಲ್ಲ.

ಶಿಕ್ಷಕರ ಕೈ, ನಿಮ್ಮ ಒಪ್ಪಿಗೆ

ಸೆಕೆಂಡ್ ಸೀರೀಸ್‌ನಲ್ಲಿ ಶಿಕ್ಷಕರು ಮುಟ್ಟಿ ತಿದ್ದುವುದು, ಹಿಡಿದು ಬಾಗಿಸುವುದು ಹೆಚ್ಚು. ಕಪೋತಾಸನದಲ್ಲಿ ಕೈ ಎಳೆದು ಹಿಮ್ಮಡಿಗೆ ಮುಟ್ಟಿಸುತ್ತಾರೆ, ದ್ವಿಪಾದದಲ್ಲಿ ಕಾಲು ದಾಟಿಸುತ್ತಾರೆ. ಇದರಿಂದ ಸಹಾಯವೂ ಆಗುತ್ತದೆ, ಪೆಟ್ಟೂ ಆಗುತ್ತದೆ.

ಇಲ್ಲೊಂದು ಕಹಿ ಸತ್ಯವನ್ನೂ ಹೇಳಬೇಕು. ಪಟ್ಟಾಭಿ ಜೋಯಿಸರು ಆಸನ ತಿದ್ದುವ ನೆಪದಲ್ಲಿ ತಮ್ಮ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದರೆಂದು ಅವರ ಹಲವು ಹಳೆಯ ಶಿಷ್ಯೆಯರು ಬಹಿರಂಗವಾಗಿ ಹೇಳಿದರು. 2019ರಲ್ಲಿ ಮೊಮ್ಮಗ ಶರತ್ ಸಾರ್ವಜನಿಕವಾಗಿ ವಿಷಾದ ಸೂಚಿಸಿ ಕ್ಷಮೆ ಕೋರಿದರು. ಇದರ ನಂತರ ಅನೇಕ ಶಾಲೆಗಳು ಮುಟ್ಟುವ ಮೊದಲು ಕೇಳುವ ಪದ್ಧತಿ ತಂದವು. ನಮ್ಮ ನಾಡಿನ ವಿದ್ಯೆ ಅಂತ ಹೆಮ್ಮೆ ಪಡುವವರು ಇದನ್ನು ಮುಚ್ಚಿಡಬೇಕಾಗಿಲ್ಲ. ವಿದ್ಯೆಯ ಮೇಲಿನ ಗೌರವ ಒಂದು, ಕಣ್ಣು ಮುಚ್ಚಿ ನಂಬುವುದು ಇನ್ನೊಂದು.

ಶಿಕ್ಷಕರನ್ನು ಆರಿಸುವಾಗ ಇಷ್ಟು ನೋಡಿ:

• "ಮುಟ್ಟಬೇಡಿ" ಅಂದರೆ ಬೇಸರವಿಲ್ಲದೆ ಒಪ್ಪುತ್ತಾರಾ?
• ನೋವಿದೆ ಅಂದರೆ ನಿಲ್ಲಿಸುತ್ತಾರಾ, ಅಥವಾ "ತಡ್ಕೊಳ್ಳಿ, ತೆರೆಯುತ್ತಿದೆ" ಅನ್ನುತ್ತಾರಾ?
• ಹಳೆಯ ಗಾಯ, ಬಿ.ಪಿ., ಹೆರಿಗೆ, ಆಪರೇಷನ್ ಬಗ್ಗೆ ಮೊದಲೇ ಕೇಳುತ್ತಾರಾ?
• ತಮಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುತ್ತಾರಾ?

ನಾಲ್ಕಕ್ಕೂ ಸರಿಯಾದ ಉತ್ತರ ಸಿಕ್ಕರೆ ಬಿಡಬೇಡಿ. ತಿಂಗಳಿಗೆ ಎರಡು ಸಲ ಮೈಸೂರಿಗೆ ಹೋಗಿ ತೋರಿಸಿ ಬಂದು, ಉಳಿದ ದಿನ ಮನೆಯಲ್ಲಿ ಮಾಡಿದರೂ ನಡೆಯುತ್ತದೆ. ಆರು ಗಂಟೆ ಪ್ರಯಾಣ ದೊಡ್ಡದು ಅನ್ನಿಸಬಹುದು. ಮಂಡಿಯ ಆಪರೇಷನ್‌ಗಿಂತ ಚಿಕ್ಕದೇ.

ಎಲ್ಲರೂ ಕೇಳುವ ಪ್ರಶ್ನೆಗಳು

ಮೊದಲು ಕಾಫಿ ಕುಡಿಯಬಹುದಾ?
ಕಾಫಿ ಇಲ್ಲದೆ ಪ್ರಾಣವಿಲ್ಲ ಅನ್ನುವ ತಮಾಷೆ ಅಷ್ಟಾಂಗಿಗಳಲ್ಲಿ ಜಗತ್ತಿನಾದ್ಯಂತ ಓಡಾಡುತ್ತದೆ. ಕೊಡಗಿನವರಿಗೆ ಇದನ್ನು ಬೇರೆ ಹೇಳಬೇಕೆ? ಅರ್ಧ ಲೋಟ, ಅಭ್ಯಾಸಕ್ಕೆ ಅರ್ಧ ಮುಕ್ಕಾಲು ಗಂಟೆ ಮೊದಲು ಕುಡಿದರೆ ಹೆಚ್ಚಿನವರಿಗೆ ತೊಂದರೆಯಿಲ್ಲ. ಅಸಿಡಿಟಿ ಇದ್ದವರು ಬಿಡುವುದೇ ಲೇಸು.

ವಿಡಿಯೋ ನೋಡಿ ಕಲಿಯಬಹುದಾ?
ಕ್ರಮ ತಿಳಿಯಲು ನೋಡಿ. ಏಕಪಾದ ಶೀರ್ಷಾಸನ, ಕಪೋತಾಸನ, ಏಳು ಶೀರ್ಷಾಸನಗಳನ್ನು ಮಾತ್ರ ಎದುರಿಗೆ ಶಿಕ್ಷಕರಿಲ್ಲದೆ ಹೊಸದಾಗಿ ಶುರು ಮಾಡಬೇಡಿ.

ಯಾರು ಮಾಡಬಾರದು?
ಹತೋಟಿಯಲ್ಲಿಲ್ಲದ ರಕ್ತದೊತ್ತಡ, ಗ್ಲಾಕೋಮಾ, ಕತ್ತಿನ ಡಿಸ್ಕ್ ತೊಂದರೆ ಇದ್ದವರು ತಲೆಕೆಳಗಾಗುವ ಆಸನಗಳಿಂದ ದೂರವಿರಿ. ಗರ್ಭಿಣಿಯರಿಗೆ ಈ ಸೀರೀಸ್ ಹೊಸದಾಗಿ ಕಲಿಯುವ ಸಮಯ ಅದಲ್ಲ. ಮುಟ್ಟಿನ ದಿನಗಳಲ್ಲಿ ಮೈಸೂರು ಪದ್ಧತಿಯಲ್ಲೇ ಹೆಂಗಸರಿಗೆ ರಜೆ ಇದೆ.

ಎಷ್ಟು ದಿನಕ್ಕೆ ಮುಗಿಯುತ್ತದೆ?
ತಿಂಗಳ ಲೆಕ್ಕದಲ್ಲಿ ಕೇಳಿದರೆ ಉತ್ತರವಿಲ್ಲ. ಹೆಚ್ಚಿನವರಿಗೆ ಇದು ವರ್ಷಗಳ ಕೆಲಸ. ಎಷ್ಟೋ ಜನ ಕಪೋತಾಸನದಲ್ಲೇ ಎರಡು ಮೂರು ವರ್ಷ ನಿಲ್ಲುತ್ತಾರೆ. ಇನ್ನೆಷ್ಟೋ ಜನ ಜೀವನಪೂರ್ತಿ ಪ್ರೈಮರಿ ಮಾತ್ರ ಮಾಡಿ ಆರೋಗ್ಯವಾಗಿದ್ದಾರೆ.

ನೋವು ಒಳ್ಳೆಯದಾ, ಕೆಟ್ಟದ್ದಾ?
ಸ್ನಾಯುವಿನ ಮಧ್ಯದಲ್ಲಿ ಎಳೆದಂತಾಗಿ ಮಾರನೇ ದಿನ ಕಮ್ಮಿಯಾದರೆ ಚಿಂತೆಯಿಲ್ಲ. ಕೀಲಿನಲ್ಲಿ ಚುಚ್ಚಿದರೆ, ಕಾಲಿಗೋ ಕೈಗೋ ಜುಮ್ಮೆನ್ನುತ್ತಾ ಇಳಿದರೆ, ಮೂರು ದಿನವಾದರೂ ಹೋಗದಿದ್ದರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ನಾಳೆಯಿಂದ ಏನು ಮಾಡಬಹುದು?

ಪಾಶಾಸನ ಸಿಗುವವರೆಗೆ ಕಾಯುತ್ತಾ ಕೂರಬೇಕಾಗಿಲ್ಲ. ನಾಳೆ ಬೆಳಿಗ್ಗೆಯ ಪ್ರೈಮರಿಯಲ್ಲೇ ಮೂರು ಕೆಲಸ ಸೇರಿಸಿ. ಪ್ರತಿ ಚತುರಂಗದಲ್ಲೂ ಭುಜ ಮೊಣಕೈಗಿಂತ ಕೆಳಗೆ ಇಳಿಯದ ಹಾಗೆ ನೋಡಿಕೊಳ್ಳಿ. ಊರ್ಧ್ವ ಧನುರಾಸನವನ್ನು ಮೂರರ ಬದಲು ಐದು ಸಲ ಮಾಡಿ, ಪ್ರತಿ ಸಲವೂ ಕೈಯನ್ನು ಒಂದು ಬೆರಳಿನಷ್ಟು ಕಾಲಿನ ಕಡೆಗೆ ನಡೆಸಿ. ಸಂಜೆ ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಐದು ನಿಮಿಷ ಕುಕ್ಕರುಗಾಲು.

ಮೂರು ತಿಂಗಳು ಹೀಗೆ ನಡೆದರೆ ನಿಮ್ಮ ಶಿಕ್ಷಕರಿಗೆ ಅದು ಹೇಳದೆಯೇ ಕಾಣುತ್ತದೆ. ಕಾಣದಿದ್ದರೂ ನಷ್ಟವಿಲ್ಲ, ಬೆನ್ನು ನೆಟ್ಟಗಾಗಿರುತ್ತದೆ, ಉಸಿರು ಉದ್ದವಾಗಿರುತ್ತದೆ. ಕಾಫಿ ಗಿಡವೂ ನೆಟ್ಟ ವರ್ಷವೇ ಫಸಲು ಕೊಡುವುದಿಲ್ಲ. ಹೂಮಳೆ ಬಿದ್ದು, ಹೂ ಅರಳಿ, ಕಾಯಿ ಕಟ್ಟಿ, ಹಣ್ಣಾಗುವವರೆಗೆ ಬೆಳೆಗಾರ ಗಿಡವನ್ನು ಎಳೆದು ಉದ್ದ ಮಾಡಲು ಹೋಗುವುದಿಲ್ಲ. ಬುಡದ ಕಳೆ ತೆಗೆಯುತ್ತಾನೆ, ನೆರಳು ಹದ ಮಾಡುತ್ತಾನೆ. ಬೆಳಿಗ್ಗೆಯ ಮ್ಯಾಟಿನ ಮೇಲೆ ನಮಗಿರುವ ಕೆಲಸವೂ ಅಷ್ಟೇ.